ಹತ್ತು ಸಲ ಹೊಡಿ ಅಂದರು ಸರ್

ನಮ್ಮ ಶಾಲೆಯ ಬ್ಯಾಸ್ಕೆಟ್‌ಬಾಲ್ ರಿಂಗಿಗೆ ನೆಟ್ ಇರಲಿಲ್ಲ. ಬರೀ ಕಬ್ಬಿಣದ ಬಳೆ, ಅದಕ್ಕೂ ತುಕ್ಕು. ಬಾಲ್ ಒಳಗೆ ಬಿತ್ತೋ, ಪಕ್ಕದಲ್ಲಿ ಹೋಯ್ತೋ ಅಂತ ದಿನಾ ಜಗಳ. ಮಂಡ್ಯದಿಂದ ಸ್ವಲ್ಪ ಆಚೆ ಇದ್ದ ಶಾಲೆ ಅದು. ಕಾಂಪೌಂಡಿನ ಪಕ್ಕದಲ್ಲೇ ಆಲೆಮನೆ. ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸಿಗೆ ಹೋದರೆ ಬೆಲ್ಲ ಕಾಯುವ ವಾಸನೆ ಮೂಗಿಗೆ ಬಡಿಯುತ್ತಿತ್ತು. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಕೈ ಬಾಲ್ ಹುಡುಕುತ್ತದೆ.

ಇದು 2009ರ ಮಾತು. ನಾನು ಎಂಟನೇ ಕ್ಲಾಸು. ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ ಇದ್ದೆ. ಅದೊಂದೇ ಕಾರಣಕ್ಕೆ ಪಿಟಿ ಸರ್ ನನ್ನನ್ನು ಟೀಮಿಗೆ ಹಾಕಿಕೊಂಡಿದ್ದರು. ಓಡೋದು ಬರುತ್ತಿತ್ತು, ರೀಬೌಂಡ್, ಅಂದರೆ ಬೀಳದೆ ವಾಪಸ್ ಬರೋ ಬಾಲ್ ಹಿಡಿಯೋದು ಬರುತ್ತಿತ್ತು. ಆದರೆ ಬಾಲ್ ಕೈಗೆ ಬಂದ ತಕ್ಷಣ ಇನ್ಯಾರಿಗಾದರೂ ಕೊಟ್ಟುಬಿಡುತ್ತಿದ್ದೆ. ರಿಂಗ್ ಕೆಳಗೇ ನಿಂತಿದ್ದರೂ ಸರಿ, ಎದುರಿಗೆ ಯಾರೂ ಇಲ್ಲದಿದ್ದರೂ ಸರಿ.

ಅದಕ್ಕೆ ಕಾರಣ ಇತ್ತು. ತಾಲ್ಲೂಕು ಮಟ್ಟದ ಮೊದಲನೇ ಮ್ಯಾಚಿನಲ್ಲಿ ಒಂದೇ ಒಂದು ಸಲ ಹೊಡೆದಿದ್ದೆ. ಬಾಲ್ ರಿಂಗಿಗೂ ತಾಗಲಿಲ್ಲ, ಬೋರ್ಡಿಗೂ ತಾಗಲಿಲ್ಲ. ಸೀದಾ ಕೋರ್ಟ್ ಆಚೆ ಹೋಗಿ ಹುಲ್ಲಿನಲ್ಲಿ ಬಿತ್ತು. ಸುತ್ತ ನಿಂತಿದ್ದ ಹುಡುಗರೆಲ್ಲ ಜೋರಾಗಿ ನಕ್ಕರು. ಒಬ್ಬ, 'ಅಕ್ಕ, ರಿಂಗ್ ಇಲ್ಲೈತೆ' ಅಂತ ಕೂಗಿದ. ಅಷ್ಟೇ ಆಗಿದ್ದು. ಆದರೆ ಹದಿಮೂರು ವರ್ಷದ ಹುಡುಗಿಗೆ ಅದು ಸಣ್ಣದಲ್ಲ. ರಾತ್ರಿ ಊಟಕ್ಕೆ ಕೂತರೂ ಆ ನಗು ಕಿವಿಯಲ್ಲೇ ಇತ್ತು. ಆಮೇಲಿನ ಮೂರು ಮ್ಯಾಚಿನಲ್ಲಿ ನಾನು ರಿಂಗ್ ಕಡೆ ಕೈ ಎತ್ತಲೇ ಇಲ್ಲ.

ಸರ್ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು. ಪ್ರತಿ ಮ್ಯಾಚಿಗೂ ಗೆರೆ ಎಳೆದು ಕಾಲಂ ಮಾಡುತ್ತಿದ್ದರು. ಹೊಡೆದದ್ದು, ಬಿದ್ದದ್ದು, ರೀಬೌಂಡ್, ಫೌಲ್. ಒಂದು ದಿನ ಪ್ರಾಕ್ಟೀಸ್ ಮುಗಿದ ಮೇಲೆ ಕರೆದು ನನ್ನ ಹೆಸರಿನ ಮುಂದೆ ಬೆರಳಿಟ್ಟರು. 'ಹೊಡೆದದ್ದು' ಅನ್ನೋ ಕಾಲಮಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

'ನಾನು ಮಿಸ್ ಮಾಡಿಲ್ವಲ್ಲ ಸರ್' ಅಂದೆ.

'ಮಿಸ್ ಮಾಡಿಲ್ಲ ಕಣಮ್ಮಿ. ಆಡೇ ಇಲ್ಲ ನೀನು' ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಎರಡು ತಿಂಗಳಾದ ಮೇಲೆ ಮೈಸೂರಿನಲ್ಲಿ ಒಂದು ಟೂರ್ನಮೆಂಟ್ ಇದೆ, ಅಲ್ಲಿ ಮೊದಲ ಮ್ಯಾಚಿನಲ್ಲಿ ನೀನು ಹತ್ತು ಸಲ ಹೊಡೀಬೇಕು, ಬೀಳಲಿ ಬಿಡಲಿ ನಂಗೆ ಬೇಕಾಗಿಲ್ಲ ಅಂದರು. 'ಹತ್ತೂ ಮಿಸ್ ಆದ್ರೆ?' ಅಂತ ಕೇಳಿದೆ. 'ಹತ್ತು ಅಂತ ಬರ್ಕೊತೀನಿ' ಅಂದರು.

ಮಾರನೇ ದಿನದಿಂದ ಎಲ್ಲ ಮೊದಲಿನಿಂದ ಶುರು. ರಿಂಗಿನಿಂದ ಒಂದೇ ಹೆಜ್ಜೆ ದೂರ ನಿಲ್ಲಿಸಿದರು. ನಾನು ಬಾಲನ್ನು ಅಂಗೈಯಲ್ಲಿ ಕೂರಿಸಿಕೊಂಡು ಎದೆಯಿಂದ ತಳ್ಳುತ್ತಿದ್ದೆ. ಸರ್ ನೋಡಿದರು. 'ಮನೇಲಿ ಮುದ್ದೆ ಮಾಡ್ತಾರಾ? ಬಿಸಿ ಮುದ್ದೆ ಎತ್ತೋವಾಗ ಅಂಗೈ ಪೂರ್ತಿ ತಾಗಿಸ್ತೀಯಾ? ಬೆರಳಲ್ಲಿ ತಾನೇ ಎತ್ತೋದು? ಬಾಲೂ ಹಂಗೇ ಹಿಡಿ' ಅಂದರು. ಅಂಗೈಗೂ ಬಾಲಿಗೂ ನಡುವೆ ಸ್ವಲ್ಪ ಜಾಗ ಬಿಡೋದು ಆಗ ಗೊತ್ತಾಯಿತು. ಮೊಣಕೈ ಬಾಲಿನ ಕೆಳಗೆ. ಎಡಗೈ ಸುಮ್ನೆ ಪಕ್ಕದಲ್ಲಿ ಆಸರೆಗೆ. ಬಲ ಬರೋದು ತೋಳಿನಿಂದಲ್ಲ, ಮಂಡಿಯಿಂದ. ಬಾಲ್ ಬಿಟ್ಟ ಮೇಲೂ ಮಣಿಕಟ್ಟು ಬಗ್ಗಿಯೇ ಇರಬೇಕು, ಬಾಲ್ ರಿಂಗ್ ಮುಟ್ಟೋವರೆಗೂ ಕೈ ಇಳಿಸಬಾರದು. ಸರಿಯಾಗಿ ಬಿಟ್ಟರೆ ಬಾಲ್ ನನ್ನ ಕಡೆಗೇ ತಿರುಗುತ್ತಾ ಹೋಗುತ್ತದೆ. ಅದರ ಕಪ್ಪು ಗೆರೆ ನೋಡಿದರೆ ಗೊತ್ತಾಗುತ್ತಿತ್ತು. ಗೆರೆ ನೆಟ್ಟಗೆ ಸುತ್ತಿದರೆ ಶಾಟ್ ಸರಿ, ಓಲಾಡಿದರೆ ಎಡಗೈ ತಳ್ಳಿದೆ ಅಂತ ಅರ್ಥ.

ಒಂದು ಜಾಗದಿಂದ ಹತ್ತು ಬಿದ್ದರೆ ಒಂದು ಹೆಜ್ಜೆ ಹಿಂದೆ. ಫ್ರೀ ಥ್ರೋ ಗೆರೆಗೆ, ಅಂದರೆ ಎದುರಿನವರು ಫೌಲ್ ಮಾಡಿದಾಗ ಯಾರೂ ಅಡ್ಡ ಬರದೆ ಹೊಡೆಯೋ ಗೆರೆಗೆ, ಬರೋಕೆ ಮೂರು ವಾರ ಹಿಡಿಯಿತು. ಬೋರ್ಡಿನಿಂದ ಆ ಗೆರೆಗೆ 4.6 ಮೀಟರ್. ಅಲ್ಲಿಂದ ಮೊದಲ ದಿನ ಇಪ್ಪತ್ತಕ್ಕೆ ನಾಲ್ಕು ಬಿತ್ತು. ಎರಡು ತಿಂಗಳು ಮುಗಿಯೋ ಹೊತ್ತಿಗೆ ಹನ್ನೊಂದು.

ನಂಗೆ ಬಾಲ್ ಎತ್ತಿಕೊಡುತ್ತಿದ್ದವರು ಹತ್ತನೇ ಕ್ಲಾಸಿನ ಒಬ್ಬ ಅಕ್ಕ, ನಮ್ಮ ಕ್ಯಾಪ್ಟನ್. ಜಾಸ್ತಿ ಮಾತಿಲ್ಲ. ಬಿದ್ದರೂ ಬೀಳದಿದ್ದರೂ ಬಾಲ್ ಹಿಡಿದು ಸರಿಯಾಗಿ ನನ್ನ ಎದೆಯ ಎತ್ತರಕ್ಕೆ ಎಸೆಯುತ್ತಿದ್ದರು. 'ಛೆ' ಅಂತಲೂ ಅನ್ನುತ್ತಿರಲಿಲ್ಲ, 'ಸೂಪರ್' ಅಂತಲೂ ಅನ್ನುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ದಿನಾ ಬೆಳಿಗ್ಗೆ ಒಂದು ಗಂಟೆ ಇನ್ನೊಬ್ಬರಿಗೆ ಬಾಲ್ ಎತ್ತಿಕೊಡೋದು ಎಷ್ಟು ದೊಡ್ಡದು ಅಂತ ಆಗ ತಿಳಿಯಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಶಾಲೆಯಲ್ಲಿ ಇದ್ದ ಬಾಲೆಲ್ಲ 7ನೇ ಸೈಜಿನವು. ಅವು ದೊಡ್ಡ ಗಂಡಸರು ಆಡುವ ಬಾಲು. ಹೆಂಗಸರಿಗೆ 6ನೇ ಸೈಜು, ಚಿಕ್ಕ ಮಕ್ಕಳಿಗೆ 5ನೇ ಸೈಜು. ರಿಂಗಿನ ಎತ್ತರದ್ದೂ ಇದೇ ಕಥೆ. 1891ರಲ್ಲಿ ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಆಟ ಶುರು ಮಾಡಿದಾಗ ಹಣ್ಣಿನ ಬುಟ್ಟಿಗಳನ್ನು ಜಿಮ್ಮಿನ ಮಹಡಿ ಕಟಕಟೆಗೆ ಮೊಳೆ ಹೊಡೆದು ಕೂರಿಸಿದರು. ಅದು 10 ಅಡಿ ಎತ್ತರ ಇತ್ತು. ಇವತ್ತಿಗೂ ರಿಂಗ್ ಅಷ್ಟೇ ಎತ್ತರ, 3.05 ಮೀಟರ್. ಆದರೆ ಅವತ್ತು ಆಡಿದವರು ಬೆಳೆದ ಗಂಡಸರು. ಹತ್ತು ವರ್ಷದ ಮಗು ಆ ಎತ್ತರಕ್ಕೆ ಆ ಭಾರದ ಬಾಲ್ ಎಸೆಯಬೇಕು ಅಂದರೆ ಸೊಂಟದಿಂದ ತೂರಲೇಬೇಕು. ಆ ಅಭ್ಯಾಸ ಒಮ್ಮೆ ಕೂತರೆ ಬಿಡಿಸೋದು ಬಹಳ ಕಷ್ಟ. ಮಿನಿ ಬ್ಯಾಸ್ಕೆಟ್‌ಬಾಲಿಗೆ ರಿಂಗ್ 2.60 ಮೀಟರಿಗೆ ಇಳಿಸುತ್ತಾರೆ. ಈಗ ನಾನು ಮೈಸೂರಿನಲ್ಲಿದ್ದೇನೆ. ಭಾನುವಾರ ನಮ್ಮ ಬೀದಿಯ ಮಕ್ಕಳಿಗೆ ಆಡೋದು ಹೇಳಿಕೊಡುತ್ತೇನೆ. ಅಪ್ಪ ಅಮ್ಮಂದಿರಿಗೆ ಮೊದಲು ಹೇಳೋದು ಇದೇ: ದುಬಾರಿ ಶೂ ಆಮೇಲೆ ತಗೊಳ್ಳಿ, ಮೊದಲು ಮಗುವಿನ ಕೈಗೆ ಆಗುವ ಬಾಲ್ ತಗೊಳ್ಳಿ. ಬಾಲ್ ರಿಂಗಿಗೆ ಮುಟ್ಟಿದರೆ ಸಾಕು, ಮಗು ಇನ್ನೊಂದು ಸಲ ಹೊಡೆಯುತ್ತದೆ. ಮುಟ್ಟದಿದ್ದರೆ ನಾನು ಮಾಡಿದ್ದನ್ನೇ ಮಾಡುತ್ತದೆ.

ಟೂರ್ನಮೆಂಟ್ ದಿನ ಮಂಡ್ಯದಿಂದ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದೆವು. ಅಜ್ಜಿ ಚಿತ್ರಾನ್ನ ಕಟ್ಟಿಕೊಟ್ಟಿದ್ದರು. ಪಾಂಡವಪುರ ದಾಟೋವರೆಗೂ ಎಲ್ಲರೂ ಹಾಡು. ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿ ಮೇಲೆ ಹೋಗುವಾಗ ಅಕ್ಕ ಒಂದು ರೂಪಾಯಿ ನಾಣ್ಯ ಕೊಟ್ಟು ಹೊಳೆಗೆ ಹಾಕು ಅಂದರು. ಹಾಕಿ ಕೈ ಮುಗಿದೆ. ಗೆಲ್ಲಿಸು ಅಂತ ಕೇಳಲಿಲ್ಲ. ಹತ್ತು ಸಲ ಹೊಡೆಯೋ ಹಾಗೆ ಮಾಡು ತಾಯಿ ಅಂತ ಕೇಳಿದೆ.

ಒಂದು ಕಾಲೇಜಿನ ಕೋರ್ಟು. ರಿಂಗಿನ ಹಿಂದೆ ದೂರದಲ್ಲಿ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ರಿಂಗಿಗೆ ಹೊಸ ಬಿಳಿ ನೆಟ್ಟು. ಬಾಲು 6ನೇ ಸೈಜು. ಕೈಗೆ ತಗೊಂಡಾಗ ಹಗುರ ಅನ್ನಿಸಿ ಸಂತೋಷವೂ ಆಯಿತು, ಭಯವೂ ಆಯಿತು.

ಎದುರು ಟೀಮು ಮೈಸೂರಿನವರು. ಎಲ್ಲರದೂ ಒಂದೇ ಬಣ್ಣದ ಶೂ. ಮೊದಲನೇ ಕ್ವಾರ್ಟರಿನಲ್ಲಿ ನಾನು ಎರಡು ಸಲ ಹೊಡೆದೆ, ಎರಡೂ ಉದ್ದ ಹೋದವು. ಹಗುರ ಬಾಲಿಗೆ ಅಷ್ಟು ಬಲ ಬೇಕಿರಲಿಲ್ಲ. ಮೂರನೆಯದನ್ನು ಅವರ ಹುಡುಗಿ ಕೈ ಅಡ್ಡ ಹಾಕಿ ಬಡಿದಳು. ಬದಿಯಲ್ಲಿ ಯಾರೋ ನಕ್ಕರು. ಮೈಯೆಲ್ಲ ಬಿಸಿಯಾಯಿತು. ಮತ್ತೆ ಬಾಲ್ ಬಂದಾಗ ಕೈ ತಾನಾಗಿಯೇ ಪಾಸ್ ಕೊಡೋಕೆ ಹೋಯಿತು. ಆಗ ನಮ್ಮ ಬೆಂಚಿನ ಕಡೆಯಿಂದ ಸರ್ ದನಿ ಕೇಳಿಸಿತು.

'ಮೂರು!'

ಅವರು ಎಣಿಸುತ್ತಿದ್ದರು. ಬೆಂಚಿನಲ್ಲಿದ್ದ ಹುಡುಗಿಯರೂ ಜೊತೆಗೆ ಬೆರಳೆತ್ತಿ ತೋರಿಸುತ್ತಿದ್ದರು. ಮೂರು. ಇನ್ನೂ ಏಳು ಬಾಕಿ.

ನಾಲ್ಕನೆಯದು ರಿಂಗಿಗೆ ಬಡಿದು ಆಚೆ ಬಂತು. 'ನಾಲ್ಕು!' ಐದನೆಯದಕ್ಕೆ ಅಕ್ಕ ಪಾಸ್ ಕೊಟ್ಟರು. ದಿನಾ ಬೆಳಿಗ್ಗೆ ಕೊಡುತ್ತಿದ್ದ ಅದೇ ಪಾಸು, ಅದೇ ಎದೆಯ ಎತ್ತರಕ್ಕೆ. ಬೋರ್ಡಿನ ಬಲಗಡೆ, ನಾನು ಸಾವಿರ ಸಲ ನಿಂತ ಜಾಗ. ಏನೂ ಯೋಚನೆ ಮಾಡಲಿಲ್ಲ. ಮಂಡಿ ಬಗ್ಗಿತು, ಕೈ ಎದ್ದಿತು, ಕಪ್ಪು ಗೆರೆ ನೆಟ್ಟಗೆ ಸುತ್ತುತ್ತಾ ಹೋಯಿತು.

ಆಮೇಲೆ ಒಂದು ಸದ್ದು. 'ಸರಕ್' ಅಂತ, ಹೊಸ ಸೀರೆ ನೆರಿಗೆ ಜಾರಿದ ಹಾಗೆ. ನಾನು ಅಲ್ಲೇ ನಿಂತುಬಿಟ್ಟೆ. ಅಲ್ಲಿಯವರೆಗೂ ನಾನು ಹಾಕಿದ ಯಾವ ಬಾಸ್ಕೆಟ್ಟೂ ಸದ್ದು ಮಾಡಿರಲಿಲ್ಲ. ನೆಟ್ ಇಲ್ಲದ ರಿಂಗಿನೊಳಗೆ ಬಾಲ್ ಹೋದರೆ ನೆಲಕ್ಕೆ ಬಿದ್ದ ಸದ್ದು ಮಾತ್ರ. 'ಓಡಮ್ಮಿ, ಡಿಫೆನ್ಸ್!' ಅಂತ ಅಕ್ಕ ಭುಜ ಹಿಡಿದು ಎಳೆದರು.

ಮೂರನೇ ಕ್ವಾರ್ಟರಿನಲ್ಲಿ ನಂಗೆ ಎರಡು ಫ್ರೀ ಥ್ರೋ ಸಿಕ್ಕಿತು. ರೆಫರಿ ಬಾಲ್ ಕೊಟ್ಟ ಮೇಲೆ ಐದು ಸೆಕೆಂಡ್ ಮಾತ್ರ. ಪ್ರಾಕ್ಟೀಸಿನಲ್ಲಿ ಮಾಡುತ್ತಿದ್ದ ಹಾಗೇ ಮಾಡಿದೆ. ಎರಡು ಸಲ ಪುಟಿಸಿ, ಬೆರಳಿಗೆ ಗೆರೆ ಸಿಕ್ಕೋ ಹಾಗೆ ಬಾಲ್ ತಿರುಗಿಸಿ, ಒಂದು ಉಸಿರು ಬಿಟ್ಟು ಹೊಡೆದೆ. ಒಂದು ಬಿತ್ತು, ಒಂದು ಬೀಳಲಿಲ್ಲ. ಕೊನೇ ಕ್ವಾರ್ಟರಿನಲ್ಲಿ ಎಡಗಡೆಯಿಂದ ಎರಡು ಸಲ, ರಿಂಗ್ ಹತ್ತಿರಕ್ಕೇ ಓಡಿ ಬಾಲ್ ಹಾಕೋ ಲೇಅಪ್‌ಗೆ ಹೋದೆ. ಎರಡೂ ಸಲ ಬಲಗೈಯಲ್ಲೇ ಹಾಕೋಕೆ ಹೋಗಿ ಬಾಲ್ ಕಳೆದುಕೊಂಡೆ. ಎಡಗಡೆಯಿಂದ ಹೋದರೆ ಎಡಗೈಯಲ್ಲಿ ಹಾಕಬೇಕು, ಆಗ ನಮ್ಮ ಮೈಯೇ ಬಾಲಿಗೆ ಕಾವಲು. ನಂಗೆ ಆ ಕೈ ಬರುತ್ತಿರಲಿಲ್ಲ.

ಮ್ಯಾಚ್ ಸೋತೆವು. 31ಕ್ಕೆ 24. ರೈಲಿನಲ್ಲಿ ವಾಪಸ್ ಬರುವಾಗ ಸರ್ ನೋಟ್‌ಬುಕ್ಕು, ಪೆನ್ನು ನನ್ನ ತೊಡೆ ಮೇಲಿಟ್ಟು, ನೀನೇ ಬರಿ ಅಂದರು. 'ಹೊಡೆದದ್ದು' ಅನ್ನೋ ಕಡೆ 11 ಅಂತ ಬರೆದೆ. 'ಬಿದ್ದದ್ದು' ಅನ್ನೋ ಕಡೆ 3. ರೈಲು ಅಲುಗಾಡಿ ಆ ಹನ್ನೊಂದು ಸೊಟ್ಟ ಆಯಿತು. ಅದರ ಮೇಲೆ ಇನ್ನೊಂದು ಸಲ ತಿದ್ದಿದೆ.

ಸೋಮವಾರ ಬೆಳಿಗ್ಗೆ ಅಕ್ಕ ಒಂದು ಉಂಡೆ ನೈಲಾನ್ ಹಗ್ಗ ತಂದಿದ್ದರು. ಎಲ್ಲಿಂದ ಅಂತ ಹೇಳಲಿಲ್ಲ. ಟೇಬಲ್ ಮೇಲೆ ಬೆಂಚಿಟ್ಟು, ಸರ್ ಬೆಂಚಿನ ಕಾಲು ಗಟ್ಟಿಯಾಗಿ ಹಿಡಿದುಕೊಂಡರು. ಉದ್ದ ಇದ್ದವಳು ನಾನೇ ಆದ್ದರಿಂದ ನಾನೇ ಹತ್ತಿದೆ. ರಿಂಗಿನ ಸುತ್ತ ಹನ್ನೆರಡು ಕೊಕ್ಕೆ. ಅಷ್ಟು ದಿನ ಆಡಿದರೂ ಅವು ಎಷ್ಟಿವೆ ಅಂತ ನೋಡಿರಲಿಲ್ಲ. ಒಂದೊಂದಕ್ಕೂ ಹಗ್ಗ ಕಟ್ಟಿ, ಕೆಳಗೆ ಜೋಡಿ ಜೋಡಿಯಾಗಿ ಗಂಟು ಹಾಕುತ್ತಾ ಬಂದೆ. ತುಕ್ಕು ಅಂಗೈಗೆಲ್ಲ ಮೆತ್ತಿತು. ಆಲೆಮನೆ ಹೊಗೆ ಅಷ್ಟೊತ್ತಿಗೆ ಕೋರ್ಟಿನ ಮೇಲೆ ಬಂದಿತ್ತು.

ಕೊನೇ ಗಂಟು ಹಾಕಿ ಕೆಳಗಿಳಿದೆ. ಸರ್ ಬಾಲನ್ನು ನನ್ನ ಕಡೆ ಎಸೆದರು.

'ಎಡಗೈ' ಅಂದರು.