ಟೆಕ್ಸಸ್‌ನಲ್ಲಿ ಸಂವಿಧಾನ ಓದಿದ ದಿನಗಳು

ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಅಮೆರಿಕದ ಡಲ್ಲಾಸ್ ಸಮೀಪ ನೆಲೆಸಿದ ಮೇಲೆ ನಾನು ಮತ್ತೊಮ್ಮೆ ವಿದ್ಯಾರ್ಥಿನಿಯಾದೆ. ಅಲ್ಲಿಯ ಲೆಕ್ಕಶಾಸ್ತ್ರದ ಪದವಿ ಬೇಕೆಂದು ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿದಾಗ, ಅಮೆರಿಕದ ಸರ್ಕಾರ ವ್ಯವಸ್ಥೆಯ ಕೋರ್ಸ್ ಕಡ್ಡಾಯ ಎಂದರು. ಟೆಕ್ಸಸ್‌ನ ಕಾನೂನೇ ಹಾಗಿದೆ. ಸಾರ್ವಜನಿಕ ಕಾಲೇಜಿನಿಂದ ಪದವಿ ಪಡೆಯುವವರು ಎಂಜಿನಿಯರ್ ಆಗಲಿ, ಸಂಗೀತಗಾರರಾಗಲಿ, ದೇಶದ ಸಂವಿಧಾನವನ್ನೂ ಟೆಕ್ಸಸ್‌ನ ಸಂವಿಧಾನವನ್ನೂ ಓದಿರಲೇಬೇಕು. ನನಗೆ ಅಲ್ಲಿ ಮತದಾನದ ಹಕ್ಕೇ ಇರಲಿಲ್ಲ. ಆದರೂ ಆ ಪದವಿಗಾಗಿ ಓದಿದ್ದರಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಈ ಒಂದು ವಿಷಯ.

ಅದು ಸಂಜೆಯ ತರಗತಿ. ಆಸ್ಪತ್ರೆಯ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬರುವ ನರ್ಸ್, ಸೈನ್ಯದಿಂದ ಮರಳಿದ ಯುವಕ, ಮೊದಲ ಬಾರಿ ಮತ ಹಾಕಲು ಕಾಯುತ್ತಿದ್ದ ಹುಡುಗ ಹುಡುಗಿಯರು ನನ್ನ ಸಹಪಾಠಿಗಳು. ನಮ್ಮ ಪ್ರಾಧ್ಯಾಪಕಿ ಮೊದಲ ದಿನವೇ ಅಂಗೈಯಗಲದ ಸಂವಿಧಾನದ ಪುಸ್ತಿಕೆಯನ್ನು ಎಲ್ಲರಿಗೂ ಹಂಚಿದರು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಆ ಸಂವಿಧಾನದಲ್ಲಿ ಇರುವುದು ಏಳೇ ವಿಧಿಗಳು. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಪಠ್ಯಪುಸ್ತಕ ಆಮೇಲೆ, ಮೊದಲು ಮೂಲ ಎಂಬುದು ಅವರ ನಿಯಮ. ಯಾರಾದರೂ ಅಭಿಪ್ರಾಯ ಹೇಳಿದರೆ, ಅದು ಎಲ್ಲಿದೆ ತೋರಿಸಿ ಎನ್ನುವರು. ತರಗತಿಯ ತುಂಬ ಪುಟ ಮಗುಚುವ ಸದ್ದು.

ಅವರು ಹೇಳಿದ ಒಂದು ಪ್ರಸಂಗವನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳಲೇಬೇಕು. 1982ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ವಾಟ್ಸನ್ ಎಂಬ ವಿದ್ಯಾರ್ಥಿ ಇಂಥದೇ ಸರ್ಕಾರದ ಕೋರ್ಸಿಗೆ ಪ್ರಬಂಧ ಬರೆಯಬೇಕಿತ್ತು. ವಿಷಯ ಹುಡುಕುವಾಗ ಅವನ ಕಣ್ಣಿಗೆ ಬಿದ್ದದ್ದು 1789ರಲ್ಲಿ ಮೊದಲ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ರಾಜ್ಯಗಳ ಅನುಮೋದನೆಗೆ ಕಳಿಸಿ, ಸಾಕಷ್ಟು ರಾಜ್ಯಗಳು ಒಪ್ಪದೆ ನನೆಗುದಿಗೆ ಬಿದ್ದಿದ್ದ ಒಂದು ತಿದ್ದುಪಡಿ. ಸಂಸದರು ತಮ್ಮ ಸಂಬಳ ಏರಿಸಿಕೊಂಡರೆ, ನಡುವೆ ಒಂದು ಚುನಾವಣೆ ಆಗುವವರೆಗೂ ಅದು ಜಾರಿಗೆ ಬರಬಾರದು ಎನ್ನುತ್ತಿತ್ತು ಅದು. ಅನುಮೋದನೆಗೆ ಗಡುವು ಹಾಕಿರಲಿಲ್ಲವಾದ್ದರಿಂದ ಅದಕ್ಕೆ ಈಗಲೂ ಜೀವವಿದೆ ಎಂದು ವಾಟ್ಸನ್ ವಾದಿಸಿದ. ಸಿಕ್ಕ ದರ್ಜೆ ‘ಸಿ’. ಅವನು ಅಲ್ಲಿಗೆ ಬಿಡಲಿಲ್ಲ. ಕೈಯಿಂದ ಹಣ ಹಾಕಿ ರಾಜ್ಯ ರಾಜ್ಯಗಳ ಶಾಸಕರಿಗೆ ಪತ್ರ ಬರೆಯುತ್ತ ಹೋದ. 1983ರಲ್ಲಿ ಮೇನ್ ರಾಜ್ಯ ಒಪ್ಪಿತು, ಮರುವರ್ಷ ಕೊಲೊರಾಡೊ, ಹೀಗೆ ಒಂದೊಂದಾಗಿ ಸೇರಿ 1992ರ ಮೇ ತಿಂಗಳಲ್ಲಿ ಮುಕ್ಕಾಲು ಪಾಲು ರಾಜ್ಯಗಳ ಒಪ್ಪಿಗೆ ಪೂರ್ಣವಾಯಿತು. ಅದು ಇಂದು ಅಮೆರಿಕ ಸಂವಿಧಾನದ 27ನೇ ತಿದ್ದುಪಡಿ. ವಿಶ್ವವಿದ್ಯಾಲಯ ಆ ‘ಸಿ’ಯನ್ನು ‘ಎ’ ಎಂದು ಬದಲಿಸಿದ್ದು 2017ರಲ್ಲಿ. ಇದನ್ನು ಕೇಳಿದ ಸಂಜೆ ನನಗೆ ಮೈ ನವಿರೆದ್ದಿತು.

ಎಲ್ಲವನ್ನೂ ನಾನು ಒಪ್ಪಿಕೊಂಡೆ ಎಂದಲ್ಲ. ಟೆಕ್ಸಸ್‌ನಲ್ಲಿ ನ್ಯಾಯಾಧೀಶರು ಪಕ್ಷದ ಅಭ್ಯರ್ಥಿಗಳಾಗಿ ಚುನಾವಣೆಗೆ ನಿಲ್ಲುತ್ತಾರೆ. ತೀರ್ಪು ಕೊಡುವವರು ಮತ ಕೇಳುವುದು ತಪ್ಪು ಎಂದು ತರಗತಿಯಲ್ಲಿ ಗಟ್ಟಿಯಾಗಿ ಹೇಳಿದೆ. ಇಂದಿಗೂ ನನ್ನ ನಿಲುವು ಅದೇ. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಸೆನೆಟ್‌ನಲ್ಲಿ ತಲಾ ಎರಡೇ ಸ್ಥಾನ ಎಂಬುದೂ ಸರಿಯೆನಿಸಲಿಲ್ಲ. ನಮ್ಮ ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12 ಎಂದಾಗ ಸಹಪಾಠಿಗಳು ಅಚ್ಚರಿಪಟ್ಟರು.

ನನ್ನ ಮಟ್ಟಿಗೆ ಕೋರ್ಸಿನ ತಿರುಳು 14ನೇ ತಿದ್ದುಪಡಿ. 1868ರಲ್ಲಿ, ಅಂತರ್ಯುದ್ಧದ ನಂತರ ಬಂದದ್ದು. ಕಾನೂನಿನ ಸಮಾನ ರಕ್ಷಣೆ ನಾಗರಿಕರಿಗಷ್ಟೇ ಅಲ್ಲ, ಆ ನೆಲದಲ್ಲಿರುವ ಪ್ರತಿಯೊಬ್ಬರಿಗೂ ಸಲ್ಲುತ್ತದೆ ಎನ್ನುತ್ತದೆ ಅದು. ದಾಖಲೆಯಿಲ್ಲದೆ ಬಂದವರ ಮಕ್ಕಳು ಶಾಲೆಗೆ ಬರಬೇಕಾದರೆ ಶುಲ್ಕ ಕಟ್ಟಬೇಕೆಂದು ಟೆಕ್ಸಸ್‌ನ ಟೈಲರ್ ಪಟ್ಟಣದ ಶಾಲಾ ಆಡಳಿತ ನಿಯಮ ಮಾಡಿದಾಗ, 1982ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಅದು ಸಲ್ಲದು ಎಂದಿತು; ಆಧಾರ ಇದೇ ತಿದ್ದುಪಡಿ. ಮರುದಿನ ನಮ್ಮ ಸಂವಿಧಾನವನ್ನು ತೆರೆದು ನೋಡಿದೆ. ಪರೀಕ್ಷೆಗೆಂದು ಉರು ಹೊಡೆದಿದ್ದ 14ನೇ ವಿಧಿ ಅಲ್ಲಿತ್ತು. ಅದೂ ನಾಗರಿಕರಿಗೆ ಮಾತ್ರ ಎನ್ನುವುದಿಲ್ಲ, ಭಾರತದ ನೆಲದಲ್ಲಿರುವ ಯಾರಿಗೂ ಸಮಾನತೆಯನ್ನು ನಿರಾಕರಿಸುವಂತಿಲ್ಲ ಎನ್ನುತ್ತದೆ.

ಆ ಜಾಡು ಹಿಡಿದೇ ಕೋರ್ಸಿನ ಪ್ರಬಂಧ ಬರೆದೆ. ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅಮೆರಿಕಕ್ಕೆ ಬಂದು ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ಶಾಸನಸಭೆಯ ಕಾನೂನುಗಳನ್ನು ಹೊಡೆದುಹಾಕಲು ನ್ಯಾಯಾಧೀಶರಿಗೆ ಅತಿಯಾದ ಅವಕಾಶ ಕೊಡುವ ಅಮೆರಿಕದ ಮಾದರಿ ಬೇಡ ಎಂದು ಆ ನ್ಯಾಯಮೂರ್ತಿ ಕೊಟ್ಟ ಸಲಹೆ, ನಮ್ಮ 21ನೇ ವಿಧಿ ಈಗಿರುವ ರೂಪ ಪಡೆಯಲು ಒಂದು ಕಾರಣ. ಜೀವ ಮತ್ತು ಸ್ವಾತಂತ್ರ್ಯವನ್ನು ಕಾನೂನು ವಿಧಿಸಿದ ಕ್ರಮದಂತೆ ಕಸಿಯಬಹುದು ಎಂದಷ್ಟೇ ಅದು ಹೇಳಿತು. ಆ ಕ್ರಮ ನ್ಯಾಯಯುತವಾಗಿಯೂ ಇರಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ ಸಾರಿದ್ದು 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ. ಪ್ರಾಧ್ಯಾಪಕಿ ನನ್ನನ್ನು ಮುಂದೆ ಕರೆದು, ಇಡೀ ತರಗತಿಗೆ ಇದನ್ನು ವಿವರಿಸಲು ಹೇಳಿದರು. ಕರಾವಳಿಯ ಒಬ್ಬರ ಹೆಸರನ್ನು ಟೆಕ್ಸಸ್‌ನ ಬೋರ್ಡಿನ ಮೇಲೆ ಬರೆದಾಗ ನನಗಾದ ಹೆಮ್ಮೆ ಸಣ್ಣದಲ್ಲ.

ನಗರಸಭೆಯ ಒಂದು ಕಲಾಪಕ್ಕೆ ಹೋಗಿ ಬಂದು ವರದಿ ಬರೆಯುವುದೂ ಕೋರ್ಸಿನ ಭಾಗವಾಗಿತ್ತು. ಮಾತನಾಡಬಯಸುವವರು ಚೀಟಿ ತುಂಬಿ ಕೊಡಬೇಕು, ತಲಾ ಮೂರು ನಿಮಿಷ. ನಾನು ಹೋದ ದಿನ ವೃದ್ಧರೊಬ್ಬರು ತಮ್ಮ ಬೀದಿಯ ಚರಂಡಿಯ ಫೋಟೋಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಕೆಂಪು ದೀಪ ಹೊತ್ತಿಕೊಂಡಾಗ ಕೊನೆಯ ಫೋಟೋ ಇನ್ನೂ ಕೈಯಲ್ಲೇ ಇತ್ತು. ಮೇಯರ್ ಅದನ್ನು ಕೇಳಿ ಪಡೆದು, ಎಂಜಿನಿಯರ್ ಕೈಗೆ ದಾಟಿಸಿದರು.

ಕೋರ್ಸ್ ಮುಗಿದ ಮೇಲೂ ನಾನು ಆ ಸಭಾಂಗಣಕ್ಕೆ ಹೋಗುವುದನ್ನು ಬಿಡಲಿಲ್ಲ. ಬಜೆಟ್‌ನಲ್ಲಿ ಗ್ರಂಥಾಲಯದ ಭಾನುವಾರದ ಸಮಯಕ್ಕೆ ಕತ್ತರಿ ಬೀಳಲಿದೆ ಎಂದು ತಿಳಿದ ವರ್ಷ ನಾನೂ ಚೀಟಿ ತುಂಬಿದೆ. ಹೆಸರು ಕೇಳಿದರು, ವಿಳಾಸ ಕೇಳಿದರು. ಮತದಾರಳೇ ಎಂದು ಯಾರೂ ಕೇಳಲಿಲ್ಲ. ವಾರವಿಡೀ ದುಡಿಯುವ ತಂದೆ ತಾಯಿಯರು ಮಕ್ಕಳನ್ನು ಅಲ್ಲಿಗೆ ಕರೆತರಲು ಸಾಧ್ಯವಾಗುವುದು ಆ ಒಂದು ದಿನ ಮಾತ್ರ ಎಂದು ಹೇಳಿದೆ. ನನ್ನ ಹಿಂದೆ ಮಾತನಾಡಲು ಇನ್ನೂ ಹಲವರು ನಿಂತಿದ್ದರು. ಭಾನುವಾರದ ಸಮಯ ಉಳಿಯಿತು.