ಜಾಲಿಯ ಹೆಸರು ಯಾರ ಪಾಲಾಯಿತು

ನಾನು ಬೆಳೆದದ್ದು ಚಿತ್ರದುರ್ಗದ ಬಯಲುಸೀಮೆಯಲ್ಲಿ, ಕೆರೆಯಂಗಳದ ತುಂಬ ಕರಿಜಾಲಿಯಿದ್ದ ಊರಿನಲ್ಲಿ. ಬೆಳ್ಳಗಿನ ಜೋಡಿಮುಳ್ಳು, ಅರಿಸಿನದ ಉಂಡೆಯಂಥ ಹೂವು, ಬೀಜಬೀಜದ ನಡುವೆ ದಾರ ಬಿಗಿದಂತೆ ಸಣ್ಣಗಾಗಿ ಮಣಿಸರದ ಹಾಗೆ ತೂಗುವ ಬೂದುಬಣ್ಣದ ಕಾಯಿ; ಆ ಕಾಯಿ ಉದುರುವ ಕಾಲಕ್ಕೆ ಆಡುಗಳನ್ನು ಮರದಡಿಯಿಂದ ಎಬ್ಬಿಸುವುದೇ ಕಷ್ಟವಾಗುತ್ತಿತ್ತು. ನೇಗಿಲಿಗೂ ಗಾಡಿಯ ಗಾಲಿಗೂ ಇದರ ಮರ ಬೇಕಾಗಿತ್ತು, ತೊಗಲು ಹದ ಮಾಡುವವರಿಗೆ ಇದರ ತೊಗಟೆ ಬೇಕಾಗಿತ್ತು.

ಮುಂದೆ ಸಾಗರದ ಕಡೆ ನೆಲೆಸಿದಾಗ ಗುಡ್ಡಗಳ ಮೇಲೆ ಸಾಲುಸಾಲಾಗಿ ನೆಟ್ಟಿದ್ದ, ಆಸ್ಟ್ರೇಲಿಯದ ಕಡೆಯಿಂದ ಬಂದ, ಒಂದೂ ಮುಳ್ಳಿಲ್ಲದ ಮರವನ್ನು ಜನ ಅಕೇಶಿಯ ಎಂದು ಕರೆಯುವುದನ್ನು ಕೇಳಿದೆ. ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ಕರಿಜಾಲಿಯ ಹೆಸರೂ ಅಕೇಶಿಯವೇ. ಮುಳ್ಳು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದಿತೆನ್ನುವ ಈ ಹೆಸರನ್ನು 1754ರಲ್ಲಿ ಫಿಲಿಪ್ ಮಿಲ್ಲರ್ ಒಂದು ಕುಲಕ್ಕೆ, ಎಂದರೆ ನೆಂಟಸ್ತಿಕೆಯ ಜಾತಿಗಳ ಗುಂಪಿಗೆ, ಇಟ್ಟರು. ನಿಲೋಟಿಕ ಎಂದು ನೈಲ್ ನದಿಯ ಹೆಸರನ್ನು ಹೊತ್ತ ನಮ್ಮ ಜಾಲಿಯೇ ಆ ಕುಲದ ಮಾದರಿ ಮರ, ಕುಲ ಒಡೆದರೆ ಹೆಸರು ಉಳಿಯಬೇಕಾದದ್ದು ಅದರ ಕಡೆಗೇ ಎಂದು ಬಹುಕಾಲ ಎಣಿಸಲಾಗಿತ್ತು. ಅದರಲ್ಲಿ ಸೇರಿಸಿದ್ದ ಮರಗಳೆಲ್ಲ ಒಂದೇ ವಂಶದವಲ್ಲ, ಕುಲವನ್ನು ಒಡೆಯಲೇಬೇಕೆಂದು ತಿಳಿದಾಗ ಹೆಸರು ಯಾರ ಪಾಲಿಗೆ ಎಂಬ ಜಗಳ ಹುಟ್ಟಿತು. ಆಸ್ಟ್ರೇಲಿಯದಲ್ಲಿ ಸುಮಾರು 1000 ಜಾತಿಗಳಿದ್ದವು, ಅಷ್ಟಕ್ಕೂ ಹೊಸ ಹೆಸರಿಡುವುದು ತೊಡಕೆಂದು ಸಸ್ಯಗಳ ಹೆಸರಿನ ನಿಯಮ ತೀರ್ಮಾನಿಸುವ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ 2005ರಲ್ಲಿ ವಿಯೆನ್ನಾದಲ್ಲಿ ಹೆಸರನ್ನು ಅಲ್ಲಿನ ಮರಗಳಿಗೇ ಬಿಟ್ಟುಕೊಟ್ಟಿತು; 2011ರಲ್ಲಿ ಮೆಲ್ಬರ್ನ್‌ನಲ್ಲಿಯೂ ಅದೇ ನಿಂತಿತು. ಕರಿಜಾಲಿ ಈಗ ವಚೇಲಿಯ ಎಂಬ ಬೇರೆ ಕುಲದ್ದು. ಸೀಗೆಯೂ, ಮರದ ತಿರುಳನ್ನು ಕುದಿಸಿ ಎಲೆಯಡಿಕೆಯ ಕಾಚು ತೆಗೆಯುವ ಕಗ್ಗಲಿಯೂ ಸೆನೆಗಾಲಿಯ ಎಂಬ ಮತ್ತೊಂದು ಕುಲದವು.

ಮುಳ್ಳಿನ ಹೆಸರು ಮುಳ್ಳುಮರದ ಕೈತಪ್ಪಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಆದರೆ ಕನ್ನಡದಲ್ಲಿ ಈ ಗೊಂದಲವೇ ಇರಲಿಲ್ಲ. ನಮ್ಮವರು ಜಾಲಿಯನ್ನು ಅಕೇಶಿಯ ಎನ್ನಲಿಲ್ಲ, ಆಸ್ಟ್ರೇಲಿಯದ ಮರವನ್ನು ಜಾಲಿ ಎನ್ನಲಿಲ್ಲ. ವಿಯೆನ್ನಾದಲ್ಲಿ ಎಳೆದ ಗೆರೆಯನ್ನು ಮಲೆನಾಡಿನ ಮಾತು ಮೊದಲೇ ಎಳೆದಿತ್ತು. ಎಡವಿದ್ದು ಬಳ್ಳಾರಿ ಜಾಲಿಯ ವಿಷಯದಲ್ಲಿ. ಅಮೆರಿಕ ಖಂಡದಿಂದ ಬಂದ ಆ ಗಿಡ ಬನ್ನಿಯ ಹತ್ತಿರದ ನೆಂಟನೇ ಹೊರತು ಜಾಲಿಯ ಕುಲದ್ದಲ್ಲ, ಆದರೂ ಜಾಲಿಯ ಹೆಸರನ್ನು ಪಡೆದು ನಮ್ಮೂರ ಕೆರೆಯಲ್ಲಿ ಜಾಲಿಯ ಜಾಗವನ್ನೂ ಪಡೆದುಕೊಂಡಿದೆ. ಕಳೆದ ಬೇಸಿಗೆಯಲ್ಲಿ ಹೋದಾಗ ಕೋಡಿಯ ಬಳಿ ಎರಡೇ ಕರಿಜಾಲಿಗಳು ಉಳಿದಿದ್ದವು.

ಮಲೆನಾಡಿನ ಅಕೇಶಿಯದಲ್ಲಿ ನಾವು ಎಲೆ ಎಂದುಕೊಳ್ಳುವುದು ನಿಜವಾಗಿ ಚಪ್ಪಟೆಯಾದ ಎಲೆತೊಟ್ಟು. ಮಳೆಗಾಲದಲ್ಲಿ ಮರದಡಿ ಬಗ್ಗಿ ನೋಡಿದರೆ ಗೇಣುದ್ದದ ಸಸಿಗಳು ಕಾಣುತ್ತವೆ: ತುದಿಯಲ್ಲಿ ಕುಡುಗೋಲಿನಂತೆ ಬಾಗಿದ ಚಪ್ಪಟೆ ತೊಟ್ಟುಗಳು, ಬುಡದಲ್ಲಿ ಮೊದಲು ಬಂದ ಒಂದೆರಡು ಎಲೆಗಳು. ಆ ಮೊದಲ ಎಲೆಗಳು ಸಣ್ಣಸಣ್ಣ ಎಸಳುಗಳ, ಥೇಟ್ ಜಾಲಿಯ ಎಲೆಗಳೇ.