ಕುಕಡಿ ದಂಡೆಯ ಬೂದಿ

ಅಕ್ಕನ ಮಗಳು ಪುಣೆಯಲ್ಲಿ ಭೂವಿಜ್ಞಾನ ಓದುತ್ತಾಳೆ. ಕಳೆದ ಭಾನುವಾರ ಅವಳ ಜೊತೆ ಜುನ್ನರ ತಾಲೂಕಿನ ಬೋರಿಗೆ ಹೋಗಿದ್ದೆ. ಅಲ್ಲಿ ಕುಕಡಿ ನದಿಯ ದಂಡೆಯ ಮಣ್ಣಿನಲ್ಲಿ ಜ್ವಾಲಾಮುಖಿಯ ಬೂದಿಯ ಪದರವಿದೆ. ಬೆರಳಿಗೆ ಜೋಳದ ಹಿಟ್ಟಿನ ಹಾಗೆ ನುಣುಪು. ಭೂತಗನ್ನಡಿ ಹಿಡಿದರೆ ಗಾಜಿನ ಸಣ್ಣ ಚೂರುಗಳು ಮಿನುಗುತ್ತವೆ.

"ಇದನ್ನ ನೋಡ್ಲಿಕ್ಕೆ ಇಷ್ಟು ದೂರ ಬಂದ್ವೇನವಾ?"

"ಮಾಮಾ, ಹೊಳಿ ತಗ್ಗು ಕೊರಕೋತ ಹೋದಂಗ ತನ್ನ ಹಳೇ ದಂಡಿ ತಾನs ತೊಳದು ಒಯ್ತದ. ಮೊದಲು ಎಷ್ಟು ಎತ್ತರದಾಗ ಹರೀತಿತ್ತು ಅನ್ಲಿಕ್ಕೆ ಸಾಕ್ಷಿ ಚಲೋ ಉಳಿಯೂದು ಗವಿಯೊಳಗ."

ಅಮೆರಿಕದ ಕೆಂಟಕಿಯಲ್ಲಿ ನೀರು ಸುಣ್ಣದಕಲ್ಲನ್ನು ಕರಗಿಸಿ ಕೊರೆದ ಮ್ಯಾಮತ್ ಗುಹೆಯ ಕತೆ ಹೇಳಿದಳು. ಅಲ್ಲಿನ ಗ್ರೀನ್ ನದಿ ತಗ್ಗಿದಂತೆಲ್ಲ ನೆಲದೊಳಗಿನ ನೀರೂ ಕೆಳಗಿಳಿದು, ಮೇಲಿನ ಸುರಂಗಗಳು ಮರಳು, ಬೆಣಚುಕಲ್ಲಿನ ಹರಳುಗಳ ಸಮೇತ ಒಣಗಿ ಉಳಿದವು. ಬೆಣಚುಕಲ್ಲು ಬಯಲಲ್ಲಿದ್ದಾಗ ಆಕಾಶದಿಂದ ಬೀಳುವ ವಿಶ್ವಕಿರಣಗಳಿಂದ ಅದರಲ್ಲಿ ಅಲ್ಯೂಮಿನಿಯಂ-26, ಬೆರಿಲಿಯಂ-10 ಎಂಬ ವಿಕಿರಣಶೀಲ ಪರಮಾಣುಗಳು ಹುಟ್ಟುತ್ತವೆ, ಸುಮಾರು ಏಳಕ್ಕೆ ಒಂದರಂತೆ. ಗುಹೆಯ ಆಳ ಸೇರಿದ ಮೇಲೆ ಹುಟ್ಟು ನಿಲ್ಲುತ್ತದೆ, ಇದ್ದದ್ದು ಕ್ಷೀಣಿಸುವುದಷ್ಟೇ ಉಳಿಯುತ್ತದೆ. ಅಲ್ಯೂಮಿನಿಯಂ ಸುಮಾರು 7 ಲಕ್ಷ ವರ್ಷಕ್ಕೆ ಅರ್ಧವಾದರೆ ಬೆರಿಲಿಯಂಗೆ ಸುಮಾರು 14 ಲಕ್ಷ ಬೇಕು. ಉಳಿದ ಪ್ರಮಾಣ ಅಳೆದರೆ ಹರಳು ಒಳಹೊಕ್ಕ ಕಾಲ ಸಿಕ್ಕಿತು. ಸುರಂಗದ ಎತ್ತರ ನೋಡಿದರೆ ಆಗಿನ ನದಿಯ ಮಟ್ಟ. ಭೂವಿಜ್ಞಾನಿ ಡ್ಯಾರಿಲ್ ಗ್ರೇಂಜರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮೇಲಿನ ಸುರಂಗಗಳಲ್ಲಿ ಕೆಲವು ಕಡೆಯ ಮರಳು 30 ಲಕ್ಷ ವರ್ಷಕ್ಕಿಂತ ಹಳೆಯದು. ಕೇಳುತ್ತ ನನಗೆ ಮೈ ಜುಮ್ಮೆಂದಿತು.

ದಖ್ಖಣದ ಕರಿಗಲ್ಲು ಸುಣ್ಣದಕಲ್ಲಿನಂತೆ ನೀರಿಗೆ ಕರಗಿ ಗವಿಯಾಗುವುದಿಲ್ಲ, ಇಲ್ಲಿ ಆ ದಾರಿಯಿಲ್ಲ. ಇದೇ ತಾಲೂಕಿನ ಲೇಣ್ಯಾದ್ರಿಯ ಗುಹೆಗಳು ಮನುಷ್ಯರು ಉಳಿ ಹಿಡಿದು ಕೊರೆದವು. ಹಾಗಾಗಿ ಇಲ್ಲಿ ಕಾಲ ಹೇಳಬೇಕಾದದ್ದು ಬೂದಿ. ಧಾರವಾಡದಲ್ಲಿ ಪಾಠ ಹೇಳಿದ ಪುರಾತತ್ವಜ್ಞ ರವಿ ಕೋರಿಶೆಟ್ಟರ್, ಪುಣೆಯ ಡೆಕ್ಕನ್ ಕಾಲೇಜಿನ ರಾಜಗುರು ಮೊದಲಾದವರು 1980ರ ದಶಕದಲ್ಲಿ ಇದನ್ನು ಅಭ್ಯಾಸ ಮಾಡಿ ಸುಮಾರು 14 ಲಕ್ಷ ವರ್ಷ ಎಂದರು. ಇಂಡೋನೇಷ್ಯಾದ ಸುಮಾತ್ರಾದಲ್ಲಿ ಟೋಬಾ ಜ್ವಾಲಾಮುಖಿ ಸಿಡಿದಾಗ ಬಿದ್ದದ್ದು, ಬರೀ 74 ಸಾವಿರ ವರ್ಷದ್ದು ಎಂದು ಬೇರೆಯವರು ವಾದಿಸಿದರು. ಇಲ್ಲೇ ಆದಿಮಾನವರ ಕೈಕೊಡಲಿಗಳೂ ಸಿಕ್ಕಿರುವುದರಿಂದ ಈ ಜಗಳ ಸಣ್ಣದಲ್ಲ.

ಕುಕಡಿ ಘೋಡ್ ನದಿ ಸೇರಿ, ಘೋಡ್ ಭೀಮೆಗೆ ಬಿದ್ದು, ಆ ನೀರು ನಮ್ಮ ಕಲಬುರಗಿ ಸೀಮೆಗೇ ಬರುತ್ತದೆ. ಅದು ಹೊಳೆದು ಕೇಳಿದೆ: "ನಮ್ಮ ಶಹಾಬಾದ್ ಫರಸಿ ಸುಣ್ಣದಕಲ್ಲs ಅಲ್ಲೇನು?"

ಅವಳು ಥಟ್ಟನೆ ತಿರುಗಿದಳು. "ಹೌದಲ್ಲ ಮಾಮಾ! ಕಾಗಿಣಾ ಹೊಳಿ ದಂಡ್ಯಾಗ ಮರಳು ತುಂಬಿದ ಗವಿ ಅದಾವೇನು?"

ಚಿತ್ತಾಪುರದ ಕಡೆ ಫರಸಿ ಖಣಿಯಲ್ಲಿ ದುಡಿಯುವ ಸೋದರಮಾವನ ಮಗನಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಬಂಡೆ ನಡುವಿನ ಪೊಟರೆಯಲ್ಲಿ ದುಂಡನೆಯ ಬೆಣಚುಕಲ್ಲು ಕಂಡರೆ ಮುಟ್ಟಬೇಡ, ಫೋಟೋ ತೆಗೆದು ಕಳಿಸು ಎಂದಿದ್ದೇನೆ.